ಓದದೆ ಹಾಕಿದ ಸಹಿ

ಲಿಫ್ಟ್ ರಿಪೇರಿ ಮಾಡುವ ಅವನನ್ನು ಜೊತೆಗಾರರೆಲ್ಲ ಲಿಫ್ಟಣ್ಣ ಅಂತಲೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಊರಿನವರನ್ನೆಲ್ಲ ಮೇಲಕ್ಕೆ ಹತ್ತಿಸಿದೆ, ನಾನು ಮಾತ್ರ ನೆಲಮಾಳಿಗೆಯಲ್ಲೇ ಉಳಿದೆ ಎಂದು ಅವನೇ ತಮಾಷೆ ಮಾಡಿಕೊಳ್ಳುತ್ತಿದ್ದ. ಎರಡು ಮದುವೆ, ಎರಡೂ ಮುರಿದಿದ್ದವು. ಮೊದಲನೆಯವಳ ಮನೆಯಲ್ಲಿ ಹದಿನಾಲ್ಕರ ಮಗಳು, ಎರಡನೆಯವಳ ಮನೆಯಲ್ಲಿ ಎರಡು ತುಂಬಿದ ಮಗ. ತಿಂಗಳ ಮೊದಲ ವಾರದಲ್ಲೇ ಎರಡೂ ಕಡೆಗೆ ಜೀವನಾಂಶ ಹೋಗಬೇಕು. ಉಳಿದದ್ದರಲ್ಲಿ ಒಂಟಿ ಕೋಣೆಯ ಬಾಡಿಗೆ, ಬಸ್ ಪಾಸು, ಹೊಟ್ಟೆಗೆ ಏನೋ ಒಂದಿಷ್ಟು.

ದುಡ್ಡಿನ ಕೈ ತೀರಾ ಬಿಗಿಯಾದಾಗ ಜೊತೆಗಾರನೊಬ್ಬ ಅವನನ್ನು ವಕೀಲರ ಹತ್ತಿರ ಕರೆದುಕೊಂಡು ಹೋದ. ಇನ್ನೊಂದು ಮಗುವಿನ ಭಾರ ಬಿದ್ದಿದೆ, ಮಗಳ ಪಾಲನ್ನು ಇಳಿಸಿ ಅಂತ ಕೇಳಬಹುದು ಎಂದರು ವಕೀಲರು. ಅರ್ಜಿ ಸಿದ್ಧವಾದ ದಿನ ಅವನು ಗ್ರೀಸ್ ಮೆತ್ತಿದ ಬೆರಳು ತಾಗದಂತೆ ಹಾಳೆಯ ಮೂಲೆ ಹಿಡಿದು, ತೋರಿಸಿದ ಕಡೆಯೆಲ್ಲ ಸಹಿ ಹಾಕಿದ. ಹನ್ನೊಂದು ಹಾಳೆ. ಆಸ್ಪತ್ರೆಯೊಂದರಲ್ಲಿ ಲಿಫ್ಟ್ ಕೆಟ್ಟು ನಿಂತಿದೆ ಎಂದು ಮೇಲಿಂದ ಮೇಲೆ ಫೋನ್ ಬರುತ್ತಿತ್ತು. ಓದಲು ಪುರುಸೊತ್ತಿರಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ನಿಜ ಹೇಳಬೇಕೆಂದರೆ ಓದುವ ಮನಸ್ಸೂ ಇರಲಿಲ್ಲ.

ನಾಲ್ಕು ತಿಂಗಳಿಗೆ ಆದೇಶವಾಯಿತು, ಮಗಳ ಪಾಲು ಇಳಿಯಿತು. ಗೆದ್ದೆಯಲ್ಲಪ್ಪಾ ಎಂದು ಜೊತೆಗಾರರು ಬೆನ್ನು ತಟ್ಟಿದರು. ಅವನೂ ನಕ್ಕ.

ಮುಂದಿನ ಶನಿವಾರ ಮಗಳು ತಾನಾಗಿಯೇ ವರ್ಕ್‌ಶಾಪಿಗೆ ಬಂದಳು. ಕೂರು ಅಂದರೆ ಕೂರಲಿಲ್ಲ. ಶಾಲೆಯ ಚೀಲದಿಂದ ಅರ್ಜಿಯ ನಕಲು ತೆಗೆದು, ಆರನೇ ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಮಗಳಿಗೆ ತಂದೆಯ ಮೇಲೆ ಅಕ್ಕರೆಯಿಲ್ಲ, ಅವಳಾಗಿಯೇ ಭೇಟಿಗೆ ಬರುವುದನ್ನು ನಿಲ್ಲಿಸಿದ್ದಾಳೆ ಎಂದು ಬರೆದಿತ್ತು.

“ಬರಲ್ಲ ಅಂತ ನಾನು ಯಾವತ್ತು ಹೇಳಿದೆ?”

ಅವಳು ಹೇಳಿರಲಿಲ್ಲ. ಮಗ ಹುಟ್ಟಿದ ಮೇಲೆ, ಈ ವಾರ ಆಗಲ್ಲ, ಮುಂದಿನ ವಾರ ನೋಡೋಣ ಎಂದು ಮುಂದೂಡುತ್ತ ಹೋದವನು ಅವನೇ. ಎರಡು ಭಾನುವಾರ ಅವಳು ಬಸ್‌ಸ್ಟಾಪಿನಲ್ಲಿ ಕಾದು ಕಾದು ವಾಪಸ್ ಹೋಗಿದ್ದಳು.

“ಅದು ವಕೀಲರು ಬರೆದದ್ದು ಪುಟ್ಟೀ. ನಾನು ಓದಲಿಲ್ಲ.”

“ಸಹಿ ನಿಮ್ಮದೇ ಅಲ್ವಾ?”

ಹುಟ್ಟಿದಾಗಿನಿಂದ ಅಪ್ಪನನ್ನು ನೀನು, ಬಾ, ಹೋಗು ಎಂದೇ ಮಾತಾಡಿಸಿದ ಹುಡುಗಿ. ಆ ಬಹುವಚನ ಅವನಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಅವಳು ನಕಲನ್ನು ಚೀಲಕ್ಕೆ ತುರುಕಿಕೊಂಡು ಗೇಟು ದಾಟಿದಳು.

ಸೋಮವಾರ ವಕೀಲರ ಹತ್ತಿರ ಓಡಿಹೋಗಿ, ಮೊದಲಿನಷ್ಟೇ ಕೊಡುತ್ತೇನೆ, ಆ ಸಾಲನ್ನು ಅಳಿಸಿ ಎಂದ. ವಕೀಲರು ಕನ್ನಡಕ ತೆಗೆದು ಅವನನ್ನೇ ನೋಡಿದರು. ಹೆಚ್ಚು ಕೊಡುತ್ತೇನೆ ಅಂದರೆ ಬೇಡ ಅನ್ನುವವರು ಯಾರು, ಆದರೆ ದಾಖಲೆಗೆ ಹೋದ ಮಾತು ಹೋದದ್ದೇ ಎಂದರು. ಅವನು ಮೊದಲಿನಷ್ಟೇ ಕಳಿಸಿದ. ಹೆಚ್ಚುವರಿಯನ್ನು ಮೊದಲ ಹೆಂಡತಿ ಹಿಂದಿರುಗಿಸಿದಳು. ನನಗೆ ನಿಮ್ಮ ಮೇಲೆ ಸಿಟ್ಟೇನಿಲ್ಲ, ಅವಳೇ ಬೇಡ ಅಂದಿದ್ದಾಳೆ ಎಂದಳು ಫೋನಿನಲ್ಲಿ. ಮೂರು ಸಲ ಹೀಗೇ ಆದ ಮೇಲೆ ಅವನು ಆದೇಶದಲ್ಲಿದ್ದಷ್ಟೇ ಕಳಿಸತೊಡಗಿದ.

ಮಗನ ಮನೆಗೆ ಹೋಗುವುದನ್ನು ಮಾತ್ರ ಅವನು ಒಂದು ಭಾನುವಾರವೂ ತಪ್ಪಿಸಲಿಲ್ಲ. ಹೆಗಲ ಮೇಲೆ ಕೂರಿಸಿಕೊಂಡು ಪಾರ್ಕು ಸುತ್ತುತ್ತಿದ್ದ. ಎರಡನೆಯವಳು ಒಮ್ಮೆ ಬಾಗಿಲಲ್ಲಿ ನಿಂತು, ಈ ಬುದ್ಧಿ ಮೊದಲೇ ಇದ್ದಿದ್ದರೆ ಎಂದು ಮಾತನ್ನು ಅರ್ಧಕ್ಕೇ ನುಂಗಿಕೊಂಡಳು. ಮಗ ಕಿಲಕಿಲ ನಕ್ಕಾಗಲೆಲ್ಲ ಅವನಿಗೆ ಖುಷಿಯ ಜೊತೆಗೇ ಏನೋ ಕದ್ದ ಹಾಗೆ ಅನಿಸುತ್ತಿತ್ತು. ಇವು ಮಗಳಿಗೆ ಸಿಗಬೇಕಾಗಿದ್ದ ಭಾನುವಾರಗಳು.

ಮಗಳಿಗೆ ಹದಿನೆಂಟು ತುಂಬಿದ ತಿಂಗಳು ಅವಳ ಜೀವನಾಂಶ ನಿಂತಿತು. ಆದರೂ ಅವನು ಕಳಿಸಿದ. ಮರುದಿನ ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ಕಾಲೇಜಿನ ಜೊತೆಗೆ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳಂತೆ, ಇನ್ನು ಕಳಿಸಬೇಡಿ, ಚಿಕ್ಕವನಿಗೆ ಇರಲಿ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಾಲು ಹಿಡಿದಾದರೂ ತಪ್ಪಾಯಿತು ಅನ್ನಬಹುದಿತ್ತು. ಅದಕ್ಕೆಂದೇ ನಾಲ್ಕು ವರ್ಷದಿಂದ ಮನಸ್ಸಿನಲ್ಲೇ ತಿದ್ದಿ ತೀಡಿದ ಮಾತೂ ಇತ್ತು.

“ಊಟ ಆಯ್ತಾ?” ಅಂದ.

“ಆಯ್ತು. ಗಿರಾಕಿ ಬಂದ್ರು, ಇಡ್ತೀನಿ.”

ಟೆರೇಸಿನಲ್ಲಿ, ಲಿಫ್ಟಿನ ಮೆಷಿನ್ ರೂಮಿನ ಮೆಟ್ಟಿಲ ಮೇಲೆ, ಅವನ ಪಕ್ಕದಲ್ಲಿ ಊಟದ ಡಬ್ಬಿ ಬಿಚ್ಚದೆ ಹಾಗೇ ಇತ್ತು.