ಥಾವರೆಪ್ಪನ ಬಿಗಿ ಅಂಗಿ

ಥಾವರೆಪ್ಪನ ಮುತ್ತಜ್ಜ ಎತ್ತಿನ ಬೆನ್ನಿಗೆ ಉಪ್ಪು ಹೇರಿ ಘಟ್ಟ ಹತ್ತಿಸಿದವನು. ಅಜ್ಜ ಹುಲಿಗೆ ಎದುರು ನಿಂತು ದನ ಉಳಿಸಿದವನು. ಅಂಥವರ ಕುಡಿಯಾದ ಥಾವರೆಪ್ಪ ಅರವತ್ತು ದಾಟಿದರೂ ಬೇಸಿಗೆಯ ಮುಂಜಾನೆ ತಾಂಡಾದಿಂದ ಕಬ್ಬಿನ ಗದ್ದೆಗುಂಟ ಓಡುವುದನ್ನು ಬಿಟ್ಟಿಲ್ಲ. ಸಡಿಲ ಅಂಗಿ ಬೆವರಿಗೆ ಎದೆ ಕೆರೆಯುತ್ತದೆಂದು, ಮೈಗೆ ಹತ್ತುವ ಬಿಗಿ ಅಂಗಿಯೇ ಅವನಿಗೆ ಬೇಕು. ಹಳಿಯಾಳದ ಕರಿಬಸಪ್ಪನ ಅಂಗಡಿಯಲ್ಲಿ ಅದನ್ನು ಆರಿಸಲು ಕೂತನೆಂದರೆ ಎಮ್ಮೆ ಕೊಳ್ಳುವವನೂ ಅಷ್ಟು ಹೊತ್ತು ಮಾಡಲಿಕ್ಕಿಲ್ಲ. ಬಟ್ಟೆಗೆ ಬಾಯಿ ಹಚ್ಚಿ ಊದಿ ಗಾಳಿ ಆಡುತ್ತದೋ ನೋಡುತ್ತಾನೆ, ಹೊಲಿಗೆಯನ್ನು ಕೊರಳಿಗೆ ತಿಕ್ಕುತ್ತಾನೆ, ನೀರು ಚಿಮುಕಿಸಿ ಅದು ಆರುವವರೆಗೆ ಚಹಾ ಕುಡಿಯುತ್ತಾನೆ. ಕರಿ ಬಣ್ಣದ್ದು ತೋರಿಸಿದರೆ, "ಸಾವ್ಕಾರ್ರ, ಬಿಸಲಾಗ ನನ್ನ ಬದನಿಕಾಯಿ ಸುಟ್ಟಂಗ ಸುಡ್ತೀರೇನು?" ಎನ್ನುತ್ತಾನೆ. ಈ ಸಲ ಹಾಗಲ್ಲ. ಊದಲಿಲ್ಲ, ನೀರು ಕೇಳಲಿಲ್ಲ. ಒಂದೊಂದನ್ನೇ ತೊಟ್ಟು ಒಂದೊಂದನ್ನೇ ಬಿಚ್ಚಿ ನೋಡತೊಡಗಿದ. ಬೆವರಿದ ಮೈಯಿಂದ ಅಂಥ ಅಂಗಿ ಸುಲಭಕ್ಕೆ ಕಳಚಿ ಬರುವುದಿಲ್ಲ, ನೋಯುವ ಭುಜ ಮೇಲೇಳುವುದಿಲ್ಲ. ಇಷ್ಟು ವರ್ಷ ಓಡಿ ಬಂದವನನ್ನು ಹೊಸ್ತಿಲಲ್ಲಿ ಬಗ್ಗಿಸಿ, "ಮುದುಕಾ, ಮೊಲದ ತೊಗಲು ಸುಲಿದಂಗ ಸುಲೀತೇನಿ, ತಡಿ" ಎಂದು ನಗುತ್ತ ಎಳೆಯುತ್ತಿದ್ದವಳು ಹೆಂಡತಿ ಸೋಮಿಬಾಯಿ. ಹೋಳಿ ಹುಣ್ಣಿಮೆಗೆ ಮುಂಚೆ ಅವಳು ತೀರಿಕೊಂಡಳು. ಒಬ್ಬನೇ ಬಿಚ್ಚಿಕೊಳ್ಳಲು ಆಗದಿದ್ದರೆ ಓಟವೂ ಅಲ್ಲಿಗೆ ಮುಗಿದಂತೆ. ಕೊನೆಯ ಅಂಗಿ ತಲೆಯಲ್ಲೇ ಸಿಕ್ಕಿಕೊಂಡಿತು. ಕರಿಬಸಪ್ಪ ಗಲ್ಲಾ ಬಿಟ್ಟು ಬಂದು ಕೈ ಹಾಕಿದ. ಬಟ್ಟೆಯೊಳಗಿಂದ ದನಿ ಬಂತು: "ಕೈ ತಗೀರಿ ಸಾವ್ಕಾರ್ರ. ದಿನಾ ನಮ್ಮ ಮನಿಗೆ ಬಂದು ಬಿಚ್ಚತೀರೇನು?"