ಹೊಸ್ತಿಲ ಚಪ್ಪಲಿ ಮತ್ತು ಬಿಸ್ಕಿಟ್‌ನ ಹೊಟ್ಟೆ

ಇಂಗ್ಲೆಂಡಿಗೆ ಬಂದ ಮೊದಲ ಬೆಳಿಗ್ಗೆ ನನ್ನ ಹೊದಿಕೆಯೊಳಗಿಂದ ಒಂದು ಮುಂಗುಸಿ ಹೊರಬಂತು. ನಾನು ಮಂಚದ ಮೇಲೆ ಎದ್ದು ನಿಂತುಬಿಟ್ಟೆ. ಮನೆಯೊಡತಿ ಜೂಡಿ ನಗುತ್ತಾ ಅದನ್ನೆತ್ತಿ ಹೆಗಲಿಗೆ ಹಾಕಿಕೊಂಡರು. ಅದು ಮುಂಗುಸಿಯಲ್ಲವಂತೆ, ಫೆರೆಟ್ ಅಂತೆ. ಉದ್ದ ಮೈ, ಗಿಡ್ಡ ಕಾಲು. ಇಲ್ಲಿ ಬೆಕ್ಕಿನ ಹಾಗೆ ಸಾಕುತ್ತಾರೆ. ಹೆಸರು ಬಿಸ್ಕಿಟ್.

ನಾನು ಮಾನ್ವಿ ಕಡೆಯ ಮಲ್ಲಟದವಳು. ರಾಯಚೂರಿನ ಹಾಸ್ಟೆಲ್ಲಿನಲ್ಲಿದ್ದು ನರ್ಸಿಂಗ್ ಓದಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು, ಹೇಳಿಕೊಳ್ಳಲು ಸಂಕೋಚವಿಲ್ಲ. ಇಲ್ಲಿ ವಯಸ್ಸಾದವರ ಆರೈಕೆ ಮಾಡುವ ಕೆಲಸ. ಕೆಲಸಕ್ಕಿಂತ ಮನೆಯೇ ಕಠಿಣವಾಯಿತು. ಅರವತ್ತು ದಾಟಿದವರನ್ನು ಹೆಸರು ಹಿಡಿದು ಕರೆಯಬೇಕು. ‘ಟೀ ಆಯಿತಾ’ ಎಂದರೆ ಚಹಾ ಅಲ್ಲ, ಸಂಜೆಯ ಊಟ. ಗೊತ್ತಿಲ್ಲದೆ ಹೂಂ ಎಂದು ಎರಡು ಸಂಜೆ ಹಸಿದೇ ಮಲಗಿದೆ.

ಬಿಸ್ಕಿಟ್‌ನ ಪಾಠ ಬೇರೆ. ವಸಂತದಲ್ಲಿ ಅದರ ಕೂದಲು ಉದುರುತ್ತದೆ, ಅದಕ್ಕೆ ‘ಮೋಲ್ಟ್’ ಎನ್ನುತ್ತಾರೆ. ಮೈ ನೆಕ್ಕಿಕೊಂಡಾಗ ಕೂದಲು ಹೊಟ್ಟೆ ಸೇರುತ್ತದೆ. ಬೆಕ್ಕು ಕಕ್ಕಿಬಿಡುತ್ತದೆ, ಫೆರೆಟ್‌ಗೆ ಅದು ಸುಲಭವಲ್ಲ. ಒಳಗೇ ಉಂಡೆ ಕಟ್ಟುತ್ತದೆ. ಆದ್ದರಿಂದ ದಿನಾ ಬಾಚಬೇಕು, ನುಂಗಿದ ಕೂದಲು ಜಾರಿ ಹೊರಹೋಗಲೆಂದು ಬೆರಳ ತುದಿಯಲ್ಲಿ ಚೂರು ಮಾಲ್ಟ್ ಪೇಸ್ಟ್ ನೆಕ್ಕಿಸಬೇಕು. ಊರಿನ ಕಾಲುವೆಯಲ್ಲಿ ಎಮ್ಮೆಯ ಮೈ ತಿಕ್ಕಿದವಳು ನಾನು, ಪ್ರಾಣಿಗೆ ಬಾಚಣಿಗೆ ಹಿಡಿದದ್ದು ಇದೇ ಮೊದಲು. “ರಬ್ಬರ್, ಸ್ಪಂಜು ಕಂಡರೆ ಕಚ್ಚಿ ನುಂಗುತ್ತದೆ. ಅಂಥದ್ದೆಲ್ಲ ಮೇಲಿನ ಹಲಗೆಯಲ್ಲಿಡು,” ಎಂದೂ ಜೂಡಿ ಹೇಳಿದರು.

ಇಯರ್‌ಫೋನು, ರಬ್ಬರ್ ಬ್ಯಾಂಡು ಮೇಲಿಟ್ಟೆ. ಹವಾಯಿ ಚಪ್ಪಲಿ ಉಳಿಯಿತು. ಆ ಹಲಗೆಯ ಮೇಲೆ ದೇವರ ಫೋಟೋ ಇತ್ತು, ಪಕ್ಕದಲ್ಲಿ ನನ್ನ ಡಿಗ್ರಿ ಸರ್ಟಿಫಿಕೇಟು. ಅವ್ವನಿಗೆ ಫೋನ್ ಮಾಡಿದೆ.

“ದೇವ್ರ ಬಾಜೂಕ ಚಪ್ಪಲಿ ಇಡ್ತಾರೇನ್ ಬೇ? ಓದಿದಾಕಿ ನೀ.”

“ಕೆಳಗ ಬಿಟ್ರ ಆ ಪ್ರಾಣಿ ಕಡೀತದಂತ, ಯವ್ವಾ.”

“ಮುಂಗುಸಿಗೆ ಅಂಜಿ ದೇವ್ರಿಗೆ ಚಪ್ಪಲಿ ತೋರಸ್ತಿ? ಹೊಸ್ತಿಲದಾಗ ಬಿಡು. ಚಪ್ಪಲಿ ಜಾಗ ಅದ.”

ಬಿಟ್ಟೆ.

ಒಂದು ಭಾನುವಾರ ಜೂಡಿ ತಂಗಿಯ ಊರಿಗೆ ಹೋಗಿದ್ದರು. ಬಿಸ್ಕಿಟ್ ಮಾಂಸ ಮುಟ್ಟಲಿಲ್ಲ. ಹಲ್ಲು ಕಡಿಯುತ್ತಿತ್ತು, ಕಾಲಿನಿಂದ ಬಾಯಿ ಕೆರೆದುಕೊಳ್ಳುತ್ತಿತ್ತು. ಹಿಂದಿನ ದಿನದಿಂದ ಹೇತಿರಲೂ ಇಲ್ಲ. ಆ ವಾರ ಬಾಚಣಿಗೆ ತುಂಬ ಕೂದಲು ಬಂದಿತ್ತು. ಕೂದಲೇ ಇರಬೇಕೆಂದು ಪೇಸ್ಟಿನ ಟ್ಯೂಬು ತರಲು ಎದ್ದೆ. ಹೊಸ್ತಿಲಲ್ಲಿ ನನ್ನ ನೀಲಿ ಚಪ್ಪಲಿಯ ಅಂಚು ಬೆರಳುದ್ದ ಮಾಯವಾಗಿತ್ತು.

ಕೂದಲೋ, ರಬ್ಬರೋ? ಅದು ಕಚ್ಚಿದ್ದು ಇವತ್ತೋ, ಮೊನ್ನೆಯೋ? ಏನೂ ತಿಳಿಯಲಿಲ್ಲ. ಸುಮ್ಮನಿದ್ದರೆ ತಪ್ಪು ಕೂದಲಿನದಾಗುತ್ತಿತ್ತು. ಹೇಳಿದರೆ ಮನೆ ಬಿಡು ಎಂದಾರು. ಈ ಊರಿನಲ್ಲಿ ನನಗೆ ಬೇರೆ ಬಾಗಿಲು ಗೊತ್ತಿರಲಿಲ್ಲ. ಆದರೆ ಹೊಟ್ಟೆ ಕಟ್ಟಿದ ರೋಗಿಯ ವಿಷಯ ಮುಚ್ಚಿಡುವುದನ್ನು ನಾನು ಓದಿರಲಿಲ್ಲ.

ಜೂಡಿಗೆ ಫೋನ್ ಮಾಡಿದೆ. “ಬಿಸ್ಕಿಟ್ ನನ್ನ ಚಪ್ಪಲಿ ತಿಂದಿದೆ. ಮೇಲಿಡು ಅಂದಿದ್ದಿರಿ, ನಾನು ಇಡಲಿಲ್ಲ.”

“ಪೇಸ್ಟ್ ಕೊಡಬೇಡ. ಈಗಲೇ ಡಾಕ್ಟರ ಹತ್ತಿರ ಒಯ್ಯಿ,” ಎಂದರು.

ಅಂದೇ ಆಪರೇಷನ್ ಆಯಿತು. ಡಾಕ್ಟರು ಹೊರತೆಗೆದದ್ದನ್ನು ತೋರಿಸಿದರು: ಒಳಗೆ ನೀಲಿ ರಬ್ಬರು, ಅದರ ಸುತ್ತ ಬಿಸ್ಕಿಟ್‌ನದೇ ಕೂದಲು ಬಿಗಿಯಾಗಿ ಸುತ್ತಿತ್ತು. ಯಾವುದರಿಂದ ಕಟ್ಟಿತು ಎಂದು ಕೇಳಿದೆ. ಎರಡರಿಂದಲೂ ಎಂದರು. ಬಿಸ್ಕಿಟ್ ಉಳಿಯಿತು.

ಜೂಡಿ ಬಂದವರು ಯಾಕೆ ಮೇಲಿಡಲಿಲ್ಲ ಎಂದು ಕೇಳಿದರು. ಫೋಟೋ ತೋರಿಸಿದೆ. ಅದನ್ನೊಮ್ಮೆ, ಚಪ್ಪಲಿಯನ್ನೊಮ್ಮೆ ನೋಡಿದರು. “ಪೂರ್ತಿ ಅರ್ಥವಾಗಲಿಲ್ಲ,” ಎಂದಷ್ಟೇ ಹೇಳಿದರು. ಮರುದಿನ ಹೊಸ್ತಿಲ ಬಳಿ, ನೆಲದ ಮೇಲೆಯೇ, ಮುಚ್ಚಳವಿರುವ ತಗಡಿನ ಪೆಟ್ಟಿಗೆ ಇತ್ತು. ತೆರೆದರೆ ಅವರ ಬೂಟುಗಳೂ ಒಳಗಿದ್ದವು.

ಕಳೆದ ಸಲ ಮಲ್ಲಟಕ್ಕೆ ಹೋದಾಗ ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತೆ.

“ಯಾಕ ಬೇ, ಕೈಯಾಗ ಹಿಡ್ಕೊಂಡು ನಿಂತೀ? ಬಿಡು ಅಲ್ಲೇ,” ಎಂದಳು ಅವ್ವ.

ಬಿಟ್ಟೆ. ಆದರೆ ಊಟದ ನಡುವೆ ಎರಡು ಸಲ ಎದ್ದು ಹೋಗಿ, ಅಂಚು ನೋಡಿ ಬಂದೆ.