ನೋಡಿದ್ದನ್ನು ಬರೆದವಳು ಫೇಲು

"ಸಾರ್, ಮೆಶೀನ್ ತಪ್ಪು ತೋರಿಸ್ತಿದೆ. ಏನ್ ಬರೀಲಿ?"

ಪ್ರಾಕ್ಟಿಕಲ್ ಪರೀಕ್ಷೆಯ ಮಧ್ಯೆ ನಾಗವೇಣಿ ಎದ್ದು ನಿಂತು ಹೀಗೆ ಕೇಳಿದಾಗ ಇಡೀ ಲ್ಯಾಬ್ ನನ್ನ ಬಾಯಿ ನೋಡುತ್ತಿತ್ತು. ಇಂಟರ್ನಲ್ ಎಕ್ಸಾಮಿನರ್ ನಾನೇ. ಪಾಠ ಹೇಳುವ ಬಾಯಿ, ಇನ್ನೇನು ಹೇಳೀತು? "ನೋಡಿದ್ದನ್ನೇ ಬರಿಯಮ್ಮಾ" ಅಂದುಬಿಟ್ಟೆ.

ನನ್ನ ಮಾತು ಕೇಳಿದ್ದಕ್ಕೆ ಅವಳು ಫೇಲಾದಳು.

ಕೋಲಾರದ ನಮ್ಮ ಡಿಪ್ಲೊಮಾ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಒಂದು ಸ್ಪೆಕ್ಟ್ರಮ್ ಅನಲೈಸರ್ ಇದೆ. (ಹೆದರಬೇಡಿ, ಪಾಠ ಮಾಡುವುದಿಲ್ಲ.) ಸಿಗ್ನಲ್ ಯಾವ ಫ್ರೀಕ್ವೆನ್ಸಿಯಲ್ಲಿದೆ, ಎಷ್ಟು ಜೋರಾಗಿದೆ ಅಂತ ಪರದೆಯ ಮೇಲೆ ಗೆರೆ ಎಬ್ಬಿಸಿ ತೋರಿಸುವ ಯಂತ್ರ. ಅದರ ಮುಂಭಾಗದಲ್ಲೇ ಒಂದು ಸಣ್ಣ ಸಾಕೆಟ್. ಅಲ್ಲಿಂದ ಬರುವ ಸಿಗ್ನಲ್ ಎಷ್ಟು ಜೋರು ಅಂತ ಮೊದಲೇ ಗೊತ್ತು, ಮೈನಸ್ ಇಪ್ಪತ್ತು. ಕೇಬಲ್ ಹಾಕಿ ಅದನ್ನೇ ಯಂತ್ರಕ್ಕೆ ಕೊಟ್ಟರೆ ಪರದೆಯೂ ಮೈನಸ್ ಇಪ್ಪತ್ತು ಅನ್ನಬೇಕು. ಟೊಮೇಟೊ ಮಂಡಿಯಲ್ಲಿ ತಕ್ಕಡಿ ಸರಿಯಿದೆಯಾ ಅಂತ ಮೊದಲು ತೂಕದ ಕಲ್ಲಿಟ್ಟು ನೋಡುವುದಿಲ್ಲವೇ, ಹಾಗೆ.

ನಮ್ಮದು ಮೈನಸ್ ಇಪ್ಪತ್ತೇಳು ಅನ್ನುತ್ತದೆ. ಮಿಕ್ಕ ಫ್ರೀಕ್ವೆನ್ಸಿಗಳಲ್ಲಿ ಇನ್ನೆಷ್ಟು ತಪ್ಪೋ ದೇವರೇ ಬಲ್ಲ. ಯಾವ ಪುಣ್ಯಾತ್ಮನೋ ಜಾಸ್ತಿ ಪವರ್ ಕೊಟ್ಟು ಒಳಗೆ ಏನನ್ನೋ ಸುಟ್ಟಿದ್ದಾನೆ. ಕ್ಯಾಲಿಬ್ರೇಷನ್‌ಗೆ (ಅಳತೆ ತಿದ್ದಿಸಲು) ಕಳಿಸಿ ಅಂತ ನಾನು ಕೇಳಿದಾಗಲೆಲ್ಲ ಆಫೀಸಿನಿಂದ ಒಂದೇ ಉತ್ತರ: "ಆನ್ ಆಗುತ್ತಲ್ಲ ಸಾರ್? ಇನ್ನೇನು?"

ಹುಡುಗರಿಗೂ ಇದೆಲ್ಲ ಗೊತ್ತು. ಸೀನಿಯರ್‌ಗಳ ಕಾಲದಿಂದ ಕೈ ಬದಲಾಯಿಸಿಕೊಂಡು ಬಂದ 'ಸರಿ ಉತ್ತರ'ಗಳು ಅವರ ಬಳಿ ಇವೆ. ಕೇಬಲ್ ಸಿಕ್ಕಿಸುತ್ತಾರೆ, ನಾಬ್ ತಿರುಗಿಸುತ್ತಾರೆ, ಪರದೆಯನ್ನು ಗಂಭೀರವಾಗಿ ದಿಟ್ಟಿಸುತ್ತಾರೆ. ಆಮೇಲೆ ಬಾಯಿಪಾಠದ ಸಂಖ್ಯೆ ಬರೆಯುತ್ತಾರೆ.

ನಾಗವೇಣಿ ದೇವರಾಯಸಮುದ್ರದಿಂದ ಬಸ್ಸಿನಲ್ಲಿ ಬರುವ ಹುಡುಗಿ. ವೇಮಗಲ್‌ನ ಫ್ಯಾಕ್ಟರಿಯೊಂದು ಟೆಸ್ಟಿಂಗ್ ಸೆಕ್ಷನ್‌ಗೆ ಅವಳನ್ನು ಆರಿಸಿಕೊಂಡಿತ್ತು. ಷರತ್ತು ಒಂದೇ, ಎಲ್ಲದರಲ್ಲೂ ಪಾಸಾಗಿರಬೇಕು. ಅಂಥವಳು ಪರೀಕ್ಷೆಯಲ್ಲಿ ಮೊದಲು ಯಂತ್ರವನ್ನೇ ಪರೀಕ್ಷಿಸಿದಳು. ಕಂಡ ಸಂಖ್ಯೆಗಳನ್ನೇ ಬರೆದು, ಕೆಳಗೆ "ಈ ಉಪಕರಣಕ್ಕೆ ಕ್ಯಾಲಿಬ್ರೇಷನ್ ಆಗಬೇಕು" ಅಂತಲೂ ಸೇರಿಸಿದಳು.

ಬೇರೆ ಕಾಲೇಜಿನಿಂದ ಬಂದಿದ್ದ ಎಕ್ಸ್‌ಟರ್ನಲ್ ಎಕ್ಸಾಮಿನರ್ ಕೆಂಪು ಪೆನ್ನು ತೆಗೆದರು. "ರಿಸಲ್ಟ್ ಮ್ಯಾಚ್ ಆಗಲ್ವಲ್ಲ ಸಾರ್."

"ಮೆಶೀನ್ ತೋರಿಸ್ತಿರೋದೇ ಅಷ್ಟು. ಬನ್ನಿ, ನೀವೇ ನೋಡಿ" ಅಂದೆ.

ಬಂದರು. ನೋಡಿದರು. (ಕೆಟ್ಟ ಮನುಷ್ಯರಲ್ಲ, ಅದೇ ಬೇಜಾರು.) ಆಮೇಲೆ ಮೆಲ್ಲಗೆ ಹೇಳಿದರು: "ಇವಳು ಬರ್ದಿರೋದು ಸರಿ ಅಂದ್ರೆ, ಮಿಕ್ಕವರೆಲ್ಲ ಮೆಶೀನ್ ನೋಡ್ದೇ ಬರ್ದಿದ್ದಾರೆ ಅಂತಾಯ್ತು. ಅಷ್ಟೂ ಜನಾನ ಫೇಲ್ ಮಾಡೋಣ್ವಾ? ಎರಡಕ್ಕೂ ಮಾರ್ಕ್ಸ್ ಕೊಡೋಕಾಗಲ್ಲ. ನಾಳೆ ಯಾರಾದ್ರೂ ಕೇಳಿದ್ರೆ ಏನ್ ಹೇಳ್ತೀರಿ? ನೀವು ಹೂಂ ಅನ್ನಿ, ಎಲ್ಲರ ಫೇಲಿಗೂ ನಾನು ಸೈನ್ ಹಾಕ್ತೀನಿ."

ನನ್ನಿಂದ ಹೂಂ ಅನ್ನಲಾಗಲಿಲ್ಲ. ಮಾಲೂರಿನಿಂದ, ಶ್ರೀನಿವಾಸಪುರದಿಂದ ಬಂದು ಓದಿ, ಕೆಲಸಕ್ಕೆ ಕಾಯುತ್ತಿದ್ದವರು ಅವರಲ್ಲೂ ಇದ್ದರು. ಒಬ್ಬಳಾ, ಎಲ್ಲರಾ? ಅವಳೊಬ್ಬಳ ಫೇಲಿಗೆ ನಾನೂ ಸಹಿ ಹಾಕಿದೆ.

ರಿಸಲ್ಟ್ ಬಂದ ದಿನ ನಾಗವೇಣಿ ಎದುರಿಗೆ ಬಂದು ನಿಂತಳು. 'ನೀವೇ ಹೇಳಿದ್ರಲ್ಲ ಸಾರ್' ಅನ್ನುತ್ತಾಳೆ ಅಂದುಕೊಂಡಿದ್ದೆ. ಅನ್ನಲಿಲ್ಲ. ಮನಸ್ಸು ಕೆಟ್ಟಾಗ ಅವಳ ಬಾಯಿಗೆ ಮನೆಯ ತೆಲುಗು ಬರುತ್ತದೆ. "ಪೋನೀಲೆಂಡಿ ಸಾರ್" ಅಂದಳು. (ಹೋಗ್ಲಿ ಬಿಡಿ ಸಾರ್, ಅಂತ.) ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪುಣ್ಯಕ್ಕೆ, ಸಪ್ಲಿಮೆಂಟರಿ ಮುಗಿಯುವವರೆಗೆ ಕಾಯಲು ಫ್ಯಾಕ್ಟರಿಯವರು ಒಪ್ಪಿದರು.

ಮೊನ್ನೆ ಸಪ್ಲಿಮೆಂಟರಿ ಆಯಿತು. ಅದೇ ಲ್ಯಾಬ್, ಅದೇ ಯಂತ್ರ, ಬೇರೆ ಎಕ್ಸಾಮಿನರ್. ನಾಗವೇಣಿ ಕೇಬಲ್ ಸಿಕ್ಕಿಸಿದಳು. ಪರದೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬಾಯಿಪಾಠದ ಸಂಖ್ಯೆಗಳನ್ನು ಸರಸರನೆ ಬರೆದು, ಎಲ್ಲರಿಗಿಂತ ಮೊದಲು ಪೇಪರ್ ಕೊಟ್ಟಳು.

"ವೆರಿ ಗುಡ್ ಅಮ್ಮಾ! ಎಷ್ಟು ನೀಟಾಗಿ ಮಾಡಿದ್ದೀಯ. ಹೋದ ಸಲ ಏನಾಗಿತ್ತು?" ಅಂತ ಎಕ್ಸಾಮಿನರ್ ಕೇಳಿದರು.

"ಗೊತ್ತಿರ್ಲಿಲ್ಲ ಸಾರ್" ಅಂದಳು. ನನ್ನ ಮುಖ ನೋಡಲಿಲ್ಲ.

ಇದು ನಮ್ಮ ಲ್ಯಾಬಿನ ಕಥೆ ಮಾತ್ರವಾ? ನಿಮ್ಮ ಆಫೀಸಿನಲ್ಲಿ, ನಿಮ್ಮ ಬೀದಿಯಲ್ಲಿ, 'ಆನ್ ಆಗುತ್ತಲ್ಲ' ಅಂತ ಬಿಟ್ಟಿರುವುದು ಏನೇನಿದೆ? ತಪ್ಪು ಅಂತ ಗೊತ್ತಿದ್ದೂ ಅದರ ಜೊತೆ ಅಡ್ಜಸ್ಟ್ ಆಗಿಬಿಡುತ್ತೇವೆ. ಅಡ್ಜಸ್ಟ್ ಆಗದವರು ಯಾರಾದರೂ ಬಂದರೆ ಯಂತ್ರ ಬಿಟ್ಟು ಅವರನ್ನೇ ರಿಪೇರಿ ಮಾಡುತ್ತೇವೆ. ನಾಗವೇಣಿಯನ್ನು ನಾವು ಚೆನ್ನಾಗಿಯೇ ರಿಪೇರಿ ಮಾಡಿದ್ದೇವೆ. ನನಗಂತೂ ಇನ್ನು ಯಾವ ಮುಖ ಇಟ್ಟುಕೊಂಡು ಪಾಠ ಹೇಳಲಿ ಅನ್ನಿಸಿಬಿಟ್ಟಿದೆ.

ಅವಳು ಪಾಸಾಗಿದ್ದಾಳೆ. ಸೋಮವಾರದಿಂದ ವೇಮಗಲ್‌ನಲ್ಲಿ ಅವಳ ಡ್ಯೂಟಿ. ಇಂಥದ್ದೇ ಯಂತ್ರದ ಮುಂದೆ ಕೂತು, ತಯಾರಾಗಿ ಬಂದ ಪ್ರತಿ ಸರ್ಕ್ಯೂಟ್ ಬೋರ್ಡನ್ನೂ ಪಾಸು, ಫೇಲು ಅಂತ ಹೇಳುವ ಕೆಲಸ.

ಅಲ್ಲಿ ಅವಳು ಪರದೆ ನೋಡಿ ಹೇಳುತ್ತಾಳಾ, ನಾವು ಕಲಿಸಿದ ಹಾಗೆ ಹೇಳುತ್ತಾಳಾ?